ಡಬ್ಬ ಆಮೇಲೆ ತನ್ನಿ, ಮೊದಲು ಕಪಾಟು ಖಾಲಿಯಾಗಲಿ

ಮನೆ ಅಚ್ಚುಕಟ್ಟು ಮಾಡಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ರಜೆಯ ದಿನ ಬೆಳಿಗ್ಗೆ ಹುರುಪಿನಿಂದ ಎಲ್ಲ ಕಪಾಟುಗಳ ಬಾಗಿಲು ತೆಗೆದು ಸಾಮಾನನ್ನೆಲ್ಲ ನೆಲದ ಮೇಲೆ ಹರವುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಅಷ್ಟರಲ್ಲಿ ಹಳೆಯ ಫೋಟೊ ಆಲ್ಬಮ್ ಕೈಗೆ ಸಿಕ್ಕಿ ಒಂದು ಗಂಟೆ ಹೋಗುತ್ತದೆ. ಸಂಜೆ ಸೊಂಟ ಹಿಡಿದುಕೊಂಡಿರುತ್ತದೆ, ಮಂಚದ ಮೇಲೆ ಗುಡ್ಡೆ ಬಿದ್ದಿರುತ್ತದೆ, ಮಲಗುವುದಕ್ಕಾದರೂ ಜಾಗ ಬೇಕಲ್ಲ ಎಂದು ಸಿಕ್ಕಿದ್ದನ್ನೆಲ್ಲ ಹೊಸದಾಗಿ ತಂದ ಪ್ಲಾಸ್ಟಿಕ್ ಡಬ್ಬಗಳಿಗೆ ತುಂಬಿ ಒಳಗೆ ತಳ್ಳುತ್ತಾರೆ. ಸಾಮಾನು ಒಂದೂ ಕಡಿಮೆಯಾಗಿಲ್ಲ, ಡಬ್ಬಗಳು ಮಾತ್ರ ಹೆಚ್ಚಾಗಿವೆ.

ಇಂಥ ಸಂಜೆಗಳನ್ನು ಎಷ್ಟೋ ಮನೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಮನೆಯವರು ಯಾರೂ ಸೋಮಾರಿಗಳಲ್ಲ. ಬೆಳಿಗ್ಗೆಯಿಂದ ಮೈಮುರಿದು ದುಡಿದವರೇ. ಕೆಲಸದ ಹಿಂದುಮುಂದು ತಪ್ಪಿತ್ತು, ಅಷ್ಟೇ.

ಚಿಕ್ಕ ಜಾಗದಿಂದ ಶುರು

ಮೊದಲ ದಿನಕ್ಕೆ ಒಂದು ಡ್ರಾಯರ್ ಸಾಕು, ಇಲ್ಲವೇ ಕಪಾಟಿನ ಒಂದು ಖಾನೆ. ತೆಗೆದು, ನೋಡಿ, ಮತ್ತೆ ಜೋಡಿಸುವುದೆಲ್ಲ ಎರಡು ಗಂಟೆಯೊಳಗೆ ಮುಗಿಯುವಂತಿರಬೇಕು. ನನ್ನನ್ನು ಕೇಳಿದರೆ ಔಷಧಿ ಡಬ್ಬದಿಂದಲೇ ಶುರು ಮಾಡಿ. ಅಲ್ಲಿ ನಿಮ್ಮ ಮನಸ್ಸನ್ನು ಕೇಳಬೇಕಾದದ್ದು ಏನೂ ಇಲ್ಲ, ಅವಧಿ ಮುಗಿಯುವ ತಾರೀಖು ಮಾತ್ರೆಯ ಪಟ್ಟಿಯ ಮೇಲೇ ಇರುತ್ತದೆ. ಫೋಟೊ, ಕಾಗದಪತ್ರ, ತೀರಿಕೊಂಡವರ ವಸ್ತುಗಳು ಕೊನೆಗೆ. ಇವನ್ನು ಮೊದಲ ದಿನ ಮುಟ್ಟಲೇಬೇಡಿ.

ಆರಿಸಿದ ಜಾಗವನ್ನು ಪೂರ್ತಿ ಖಾಲಿ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ.

ಮುಂದಿನದು ಜಾತಿವಾರು ಗುಂಪು ಮಾಡುವುದು. ಬೇಕೋ ಬೇಡವೋ ಎಂದು ಈಗಲೇ ಯೋಚಿಸಬೇಡಿ. ಕತ್ತರಿಗಳೆಲ್ಲ ಒಂದು ಕಡೆ, ಪೆನ್ನುಗಳೆಲ್ಲ ಒಂದು ಕಡೆ, ವೈರುಗಳೆಲ್ಲ ಒಂದು ಕಡೆ. ಒಂದೊಂದೇ ನೋಡಿದರೆ ಪ್ರತಿ ಕತ್ತರಿಯೂ ಬೇಕೆನಿಸುತ್ತದೆ. ಐದು ಕತ್ತರಿ ಸಾಲಾಗಿ ಮಲಗಿದಾಗ ಯಾವೆರಡು ಉಳಿಯಬೇಕೆಂದು ಕೈಗೇ ಗೊತ್ತಾಗುತ್ತದೆ.

ನನ್ನ ಅಕ್ಕನ ಮನೆಯಲ್ಲಿ ವೈರುಗಳದ್ದೇ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಕೈಹಾಕಿ ಒಂದನ್ನು ಎಳೆದರೆ ಇಡೀ ಗಂಟು ಮೇಲೇಳುತ್ತಿತ್ತು. ಇಬ್ಬರೂ ನೆಲದ ಮೇಲೆ ಕೂತು ಬಿಡಿಸಿದೆವು. ಹದಿನೇಳು ವೈರು, ಒಂಬತ್ತು ಚಾರ್ಜರ್. ಒಂದೊಂದನ್ನೇ ಎತ್ತಿ "ಇದು ಯಾವುದರದ್ದು ಅಕ್ಕಾ?" ಅಂತ ಕೇಳುತ್ತಾ ಹೋದೆ. ನಾಲ್ಕಕ್ಕೆ ಉತ್ತರ ಸಿಕ್ಕಿತು. ಉಳಿದವಕ್ಕೆಲ್ಲ ಒಂದೇ ಮಾತು: "ಇರಲಿ ಬಿಡೇ, ಯಾವತ್ತಾದ್ರೂ ಬೇಕಾಗುತ್ತೆ."

ಈ "ಇರಲಿ ಬಿಡು" ಬಂದ ಕಡೆಯೇ ಅಸಲಿ ಕೆಲಸ ಶುರುವಾಗುತ್ತದೆ.

"ಇರಲಿ ಬಿಡು" ಅನ್ನಿಸಿದಾಗ

ನಮ್ಮ ಕೈಯಲ್ಲಿರುವ ವಸ್ತುವಿಗೆ ನಾವು ಕಟ್ಟುವ ಬೆಲೆ ಸಾಮಾನ್ಯವಾಗಿ ಹೆಚ್ಚು. ಸಂಶೋಧಕರಾದ ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸೊಗಸಾಗಿ ತೋರಿಸಿತು. ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನಕ್ಕೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಗ್ ಸಿಕ್ಕವರು ಹೇಳಿದ ಬೆಲೆ ಕೊಳ್ಳುವವರ ಬೆಲೆಯ ಸುಮಾರು ಎರಡು ಪಟ್ಟಿತ್ತು. ಆಗಷ್ಟೇ ಕೈಗೆ ಬಂದ ಮಗ್ಗಿನ ಕಥೆ ಇದಾದರೆ, ಹತ್ತು ವರ್ಷ ಕಪಾಟಿನಲ್ಲಿದ್ದ ವಸ್ತು ಅಷ್ಟು ಸುಲಭವಾಗಿ ಬಿಟ್ಟುಹೋಗುತ್ತದೆಯೇ?

ಹಾಗಾಗಿ "ಇದು ಬೇಕಾ?" ಎಂದು ಕೇಳಿಕೊಳ್ಳುವುದರಲ್ಲಿ ಪ್ರಯೋಜನವಿಲ್ಲ. ಉತ್ತರ ಬೇಕು ಎಂದೇ ಬರುತ್ತದೆ. "ಇದು ನನ್ನ ಹತ್ತಿರ ಇಲ್ಲದಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆನಾ?" ಎಂದು ಕೇಳಿ. ಇನ್ನೂ ಒಂದು ಉಪಾಯವಿದೆ. ವಸ್ತುವನ್ನು ನೀವು ಹಿಡಿಯಬೇಡಿ, ಜೊತೆಗಿರುವವರು ಎತ್ತಿ ತೋರಿಸಲಿ, ನೀವು ದೂರ ಕೂತು ಉತ್ತರ ಹೇಳಿ. ಕೈಯಲ್ಲಿ ಹಿಡಿದಾಗ ಬಿಡಲಾಗದ್ದು ದೂರದಿಂದ ಸುಲಭವಾಗಿ ಬಿಡುತ್ತದೆ. ಅಕ್ಕನ ಮನೆಯಲ್ಲಿ ನಾನು ವೈರು ಹಿಡಿದು ಅವಳನ್ನು ಕುರ್ಚಿಯಲ್ಲಿ ಕೂರಿಸಿದ ಮೇಲೆಯೇ ಕೆಲಸ ಓಡಿದ್ದು.

ರಾಶಿಗಳು ನಾಲ್ಕೇ ಇರಲಿ: ಇಟ್ಟುಕೊಳ್ಳುವುದು, ಕೊಡುವುದು, ಎಸೆಯುವುದು, ಅನುಮಾನದ್ದು. ರಿಪೇರಿಗೆ ಎಂದು ಐದನೆಯ ರಾಶಿ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿಡಿ ಮುರಿದ ಛತ್ರಿ ಮೂರು ವರ್ಷದಿಂದ ರಿಪೇರಿಗೆ ಕಾದಿದ್ದರೆ ಅದಕ್ಕೆ ಉತ್ತರ ಆಗಲೇ ಸಿಕ್ಕಿದೆ. ಬೇಕೇಬೇಕು ಅನ್ನುವುದಾದರೆ ಎರಡು ವಾರದ ಗಡುವು ಬರೆದು ಅದನ್ನು ಬಾಗಿಲ ಬಳಿ ಇಡಿ, ಒಳಗಲ್ಲ.

ಕೊಡುವ ರಾಶಿಗೂ ಒಂದು ಕಟ್ಟುನಿಟ್ಟು ಬೇಕು. ನಿಮ್ಮ ಗೆಳತಿಗೆ ನಿಮ್ಮ ಕೈಯಾರೆ ಕೊಡಲು ಸಂಕೋಚವಾಗುವ ಬಟ್ಟೆಯನ್ನು ಯಾರಿಗೂ ಕೊಡಬೇಡಿ. ಕಲೆಯಾದದ್ದು, ಜಿಪ್ ಹೋದದ್ದು, ಕಾಲರ್ ಹರಿದದ್ದು ದಾನವಲ್ಲ, ನಮ್ಮ ಕಸವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ಅಂಥದ್ದನ್ನು ಕತ್ತರಿಸಿ ಒರೆಸುವ ಬಟ್ಟೆ ಮಾಡಿಕೊಳ್ಳಿ, ಅದೂ ಬೇಕಾದಷ್ಟೇ. ಒರೆಸುವ ಬಟ್ಟೆಯ ಮೂಟೆಯೇ ಅಟ್ಟ ತುಂಬಿದ ಮನೆಗಳಿವೆ.

ಈಗ ಅನುಮಾನದ ರಾಶಿ. ಹೆಚ್ಚಿನವರ ಶ್ರಮ ನೀರುಪಾಲಾಗುವುದು ಇಲ್ಲೇ. ಪ್ರತಿ ಎರಡನೆಯ ವಸ್ತು ಇಲ್ಲಿಗೆ ಬಂದು ಬೀಳುತ್ತದೆ, ಕೊನೆಗೆ ರಾಶಿಗೆ ರಾಶಿಯೇ ಕಪಾಟಿಗೆ ವಾಪಸಾಗುತ್ತದೆ. ಅದಕ್ಕೆ ಮೂರು ಕಟ್ಟಳೆ ಹಾಕಿಕೊಳ್ಳಿ. ಇಡೀ ಮನೆಗೆ ಅನುಮಾನದ ಪೆಟ್ಟಿಗೆ ಒಂದೇ, ಅದು ತುಂಬಿದ ಮೇಲೆ ಹೊಸದೊಂದು ಒಳಗೆ ಹೋಗಬೇಕಾದರೆ ಹಳೆಯದೊಂದು ಹೊರಗೆ ಬರಬೇಕು. ಪೆಟ್ಟಿಗೆಯ ಮೇಲೆ ಒಳಗೇನಿದೆ ಎಂದು ಬರೆಯಬೇಡಿ. ಆರು ತಿಂಗಳ ಮುಂದಿನ ತಾರೀಖು ಮಾತ್ರ ದಪ್ಪಕ್ಷರದಲ್ಲಿ ಬರೆಯಿರಿ. ಆ ತಾರೀಖಿನವರೆಗೆ ಯಾವುದನ್ನಾದರೂ ಹುಡುಕಿಕೊಂಡು ಹೋಗಿ ತೆಗೆದರೆ ಅದು ಬೇಕಾದ ವಸ್ತು, ಕಪಾಟಿಗೆ ಹೋಗಲಿ. ಉಳಿದದ್ದು ಹೊರಗೆ. ಪೆಟ್ಟಿಗೆ ತೆರೆಯದೆಯೇ ಹಾಗೇ ಕೊಟ್ಟುಬಿಡಿ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ತೆರೆದು ಒಮ್ಮೆ ಕೈಯಾಡಿಸಿ. ಪುಸ್ತಕದ ನಡುವೆ ಪ್ರಮಾಣಪತ್ರ, ಚೀಲದ ಒಳಜೇಬಿನಲ್ಲಿ ಕೀಲಿ ಸಿಕ್ಕ ಪ್ರಸಂಗಗಳಿವೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಮನೆಯ ಇನ್ನೊಬ್ಬರ ವಸ್ತುವನ್ನು ಅವರನ್ನು ಕೇಳದೆ ಎಸೆಯಬೇಡಿ, ಅದು ನಿಮ್ಮ ಕಣ್ಣಿಗೆ ಎಷ್ಟೇ ಕಸವಾಗಿ ಕಾಣಲಿ. ಮಕ್ಕಳದ್ದಾದರೂ ಅಷ್ಟೇ, ವಯಸ್ಸಾದವರದ್ದಾದರಂತೂ ಇನ್ನೂ ಹೆಚ್ಚು. ಒಂದು ಸಲ ಕಾಣೆಯಾಯಿತೆಂದರೆ ಅವರು ಉಳಿದದ್ದನ್ನೆಲ್ಲ ಬಚ್ಚಿಡಲು ತೊಡಗುತ್ತಾರೆ, ಆಮೇಲೆ ಆ ಮನೆ ಎಂದೂ ಹಗುರಾಗುವುದಿಲ್ಲ. ಅವರಿಗೊಂದು ಖಾನೆ ಬಿಟ್ಟುಕೊಡಿ. ಅದರೊಳಗೆ ಏನಿರಬೇಕು ಎನ್ನುವುದು ಅವರಿಗೇ ಬಿಟ್ಟದ್ದು.

ಎರಡು ಗಂಟೆಯಾದ ಮೇಲೆ ನಿಲ್ಲಿಸಿ. ದಣಿದ ತಲೆ ಎಲ್ಲಕ್ಕೂ "ಇರಲಿ" ಅನ್ನುತ್ತದೆ, ಇಲ್ಲವಾದರೆ ಸಿಟ್ಟಿನಲ್ಲಿ ಬೇಕಾದದ್ದನ್ನೂ ಎಸೆಯುತ್ತದೆ.

ಅದೇ ದಿನ ಹೊಸ್ತಿಲು ದಾಟಲಿ

ಕೊಡುವ ಚೀಲ ವಾರಗಟ್ಟಲೆ ಹಾಲ್‌ನ ಮೂಲೆಯಲ್ಲಿ ನಿಂತರೆ ಒಂದೊಂದೇ ವಸ್ತು ಒಳಗೆ ಮರಳುತ್ತದೆ. ಅವತ್ತೇ ಸಾಗಿಸಿ.

ಎಸೆಯುವುದರಲ್ಲಿ ಎರಡು ಎಚ್ಚರ. ಹಳೆಯ ಫೋನ್, ಪವರ್ ಬ್ಯಾಂಕ್‌ಗಳ ಲಿಥಿಯಂ ಬ್ಯಾಟರಿ ಜಜ್ಜಿದರೆ, ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಮನೆಯ ಕಸದ ಜೊತೆ ಸೇರಿಸದೆ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಕೊಡಿ. ಬಿಡಿ ಬ್ಯಾಟರಿಯಾದರೆ ತುದಿಗಳಿಗೆ ಟೇಪ್ ಸುತ್ತಿ. ಉಬ್ಬಿರುವ ಬ್ಯಾಟರಿಯನ್ನು ಒತ್ತಬೇಡಿ, ಚಾರ್ಜಿಗೆ ಹಾಕಿ ನೋಡಲೂ ಬೇಡಿ. ಫೋನ್ ಕೊಡುವ ಮುನ್ನ ನಿಮ್ಮ ಖಾತೆಗಳಿಂದ ಹೊರಬಂದು, ಮಾಹಿತಿ ಅಳಿಸಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಳ್ಳಿ. ಅವಧಿ ಮೀರಿದ ಮಾತ್ರೆಗಳನ್ನು ಸಿಂಕಿಗೆ ಸುರಿಯಬೇಡಿ, ಹಿಂದಕ್ಕೆ ಪಡೆಯುವ ವ್ಯವಸ್ಥೆ ಇದೆಯೇ ಎಂದು ಔಷಧಿ ಅಂಗಡಿಯಲ್ಲಿ ಕೇಳಿ.

ಈಗ ಡಬ್ಬದ ಮಾತು

ಉಳಿದದ್ದೆಷ್ಟು ಎಂದು ಗೊತ್ತಾದ ಮೇಲೆ ಖಾನೆಯ ಉದ್ದ, ಅಗಲ, ಎತ್ತರ ಅಳೆದುಕೊಂಡು ಹೋಗಿ. ಮನೆಯಲ್ಲೇ ಬಿದ್ದಿರುವ ಗಟ್ಟಿ ಡಬ್ಬಗಳಲ್ಲಿ ಮೊದಲು ಒಂದು ವಾರ ನಡೆಸಿ ನೋಡಿದರೆ ಇನ್ನೂ ಒಳ್ಳೆಯದು, ಎಷ್ಟೋ ಸಲ ಹೊಸದು ಬೇಕೇ ಆಗುವುದಿಲ್ಲ.

ಕೊಳ್ಳುವುದಾದರೆ ಚೌಕದ್ದೇ ಕೊಳ್ಳಿ, ಗುಂಡಗಿನದ್ದು ಬೇಡ. ಒಂದು ಚೌಕ ಜಾಗದಲ್ಲಿ ಅದೇ ಅಗಲದ ದುಂಡು ಡಬ್ಬ ಇಟ್ಟರೆ ನಾಲ್ಕು ಮೂಲೆ ಸೇರಿ ಶೇ 21ಕ್ಕೂ ಹೆಚ್ಚು ಜಾಗ ವ್ಯರ್ಥ. ಒಳಗಿರುವುದು ಹೊರಗೆ ಕಾಣಬೇಕು, ಮುಚ್ಚಳ ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. ಮೂರು ಡಬ್ಬ ಇಳಿಸಿ ನಾಲ್ಕನೆಯದನ್ನು ತೆಗೆಯುವ ಹಾಗೆ ಪೇರಿಸಿದರೆ ತೆಗೆದದ್ದು ವಾಪಸು ಅಲ್ಲಿಗೆ ಹೋಗುವುದಿಲ್ಲ, ಮೇಜಿನ ಮೇಲೇ ಉಳಿಯುತ್ತದೆ. ರಟ್ಟಿನ ಪೆಟ್ಟಿಗೆಯನ್ನು ಕಾಯಂ ಮಾಡಿಕೊಳ್ಳಬೇಡಿ, ತೇವ ಹೀರುತ್ತದೆ, ಜಿರಳೆಗೆ ಮನೆಯಾಗುತ್ತದೆ. ಹತ್ತಾರು ಪುಟ್ಟ ಪುಟ್ಟ ಗೂಡುಗಳಿರುವ ಡ್ರಾಯರ್ ಟ್ರೇಗಳು ಅಂಗಡಿಯಲ್ಲಿ ಚೆಂದ ಕಾಣುತ್ತವೆ. ನಿಮ್ಮ ಮನೆಯ ಒಂದು ವಸ್ತುವೂ ಅದರೊಳಗೆ ಸರಿಯಾಗಿ ಕೂರುವುದಿಲ್ಲ.

ಬಟ್ಟೆಯ ನಡುವೆ ನುಸಿಗುಳಿಗೆ ಹಾಕುವ ಅಭ್ಯಾಸವಿದ್ದರೆ ಬಿಡಿ. ನ್ಯಾಫ್ತಲೀನ್ ಆವಿ ಉಸಿರಿನ ಜೊತೆ ಒಳಹೋಗುತ್ತದೆ. ಜಿ6ಪಿಡಿ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಒಗೆದು, ಚೆನ್ನಾಗಿ ಒಣಗಿಸಿ, ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿಟ್ಟರೆ ಉಣ್ಣೆ ಬಟ್ಟೆಗೂ ಹುಳ ಹತ್ತುವುದಿಲ್ಲ.

ಜೋಡಿಸುವುದು ಸುಲಭ. ದಿನವೂ ಬೇಕಾದದ್ದು ಸೊಂಟದಿಂದ ಕಣ್ಣಿನ ಮಟ್ಟದವರೆಗೆ, ಭಾರದ್ದು ಕೆಳಗೆ, ವರ್ಷಕ್ಕೊಮ್ಮೆ ಬೇಕಾಗುವುದು ಮೇಲೆ. ಖಾನೆಯನ್ನು ಅಂಚಿನವರೆಗೆ ತುಂಬಬೇಡಿ, ಕೈ ಆಡುವಷ್ಟು ಜಾಗ ಬಿಡಿ.

ಕೊನೆಗೆ ಕಾಗದ, ಫೋಟೊ

ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳನ್ನು ಮೊದಲು ಬಿಚ್ಚಿ. ಹಳತಾದಂತೆ ಅದು ಕರಗಿ ಕಾಗದಕ್ಕೆ ಅಂಟುತ್ತದೆ. ಪಿನ್ನು, ಸ್ಟೇಪಲ್ ತುಕ್ಕು ಹಿಡಿದು ಕಲೆ ಬಿಡುತ್ತವೆ, ಅವನ್ನೂ ತೆಗೆಯಿರಿ. ಅಂಗಡಿಯ ಬಿಲ್ಲು ಹೆಚ್ಚಾಗಿ ಶಾಖಕ್ಕೆ ಬಣ್ಣ ಬದಲಿಸುವ ಥರ್ಮಲ್ ಕಾಗದ. ವಾರಂಟಿಗೆಂದು ಜೋಪಾನವಾಗಿ ಇಟ್ಟದ್ದು ಬೇಕಾದ ದಿನ ಬೆಳ್ಳಗಾಗಿರುತ್ತದೆ. ತಂದ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ. ಮೂಲ ಪ್ರಮಾಣಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಹಾಳೆಗೆ ಏಟಾಗದಂತೆ ಬಿಡಿಸಲು ಆಗುವುದಿಲ್ಲ.

ಅಂಟು ಹಾಳೆಯ ಹಳೆಯ ಆಲ್ಬಮ್‌ಗಳಿದ್ದರೆ ಅವುಗಳ ಫೋಟೊಗಳನ್ನು ಹೊರತೆಗೆಯುವುದೇ ಲೇಸು, ಆ ಅಂಟು ವರ್ಷ ಕಳೆದಂತೆ ಹಳದಿಯಾಗಿ ಚಿತ್ರವನ್ನು ಕೆಡಿಸುತ್ತದೆ. ಉಗುರಿನಿಂದ ಕೀಳಬೇಡಿ. ಹಲ್ಲಿನ ಸಂದು ಸ್ವಚ್ಛಮಾಡುವ ಫ್ಲಾಸ್ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಫೋಟೊದ ಹಿಂದೆ ಒಂದು ಮೂಲೆಯಿಂದ ಗರಗಸದ ಹಾಗೆ ನಿಧಾನವಾಗಿ ಆಡಿಸಿ. ಮೊದಲು ಅಷ್ಟೇನೂ ಮುಖ್ಯವಲ್ಲದ ಒಂದು ಚಿತ್ರದ ಮೇಲೆ ಕೈ ಪಳಗಿಸಿಕೊಳ್ಳಿ. ಬಿಡದಿದ್ದರೆ ಎಳೆಯದೆ, ಹಾಳೆಯ ಸಮೇತ ಸ್ಕ್ಯಾನ್ ಮಾಡಿ ಹಾಗೇ ಇಡಿ. ಬಿಡಿಸಿದ ಫೋಟೊದ ಹಿಂದೆ ಯಾರು, ಯಾವಾಗ, ಎಲ್ಲಿ ಎಂದು ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಗೆರೆ ಮುಂದಕ್ಕೆ ಮೂಡುತ್ತದೆ. ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಒಂದು ಕೆಲಸವನ್ನು ಮುಂದೂಡಬೇಡಿ, ಅವರ ಪಕ್ಕದಲ್ಲೇ ಕೂತು ಬರೆಯಿರಿ. ಇದಕ್ಕೆ ಮಾತ್ರ ಎರಡು ಗಂಟೆಯ ಮಿತಿ ಬೇಡ.

ಅಕ್ಕನ ಮನೆಯ ವೈರುಗಳಿಗೆ ಏನಾಯಿತೆಂದರೆ, ಗುರುತು ಸಿಕ್ಕ ನಾಲ್ಕಕ್ಕೂ ಬಿಳಿ ಟೇಪ್ ಸುತ್ತಿ ಯಾವ ಉಪಕರಣದ್ದೆಂದು ಬರೆದೆವು. ಚಾರ್ಜರ್‌ಗಳ ಬೆನ್ನಿನ ಸಣ್ಣ ಅಕ್ಷರಗಳನ್ನು ಟಾರ್ಚ್ ಬಿಟ್ಟು ಓದಿ, ಎಷ್ಟು ವೋಲ್ಟ್ ಎಂದು ಅದೇ ಟೇಪಿನ ಮೇಲೆ ಬರೆದೆವು. ತೂತಿಗೆ ಪಿನ್ ಹೊಂದಿತೆಂದು ಬೇರೆ ವೋಲ್ಟಿನ ಚಾರ್ಜರ್ ಚುಚ್ಚಿ ಉಪಕರಣ ಸುಟ್ಟುಕೊಂಡವರು ಕಡಿಮೆಯೇನಿಲ್ಲ. ಉಳಿದವು ಅನುಮಾನದ ಪೆಟ್ಟಿಗೆಗೆ ಹೋದವು. ಆರು ತಿಂಗಳಲ್ಲಿ ಅವಳು ಪೆಟ್ಟಿಗೆ ತೆರೆದದ್ದು ಒಂದೇ ಸಲ, ಹಳೆಯ ಕ್ಯಾಮೆರಾದ ವೈರಿಗಾಗಿ. ಅದೀಗ ಕ್ಯಾಮೆರಾ ಚೀಲದಲ್ಲೇ ಇದೆ, ಮಿಕ್ಕಿದ್ದನ್ನು ಇ-ತ್ಯಾಜ್ಯಕ್ಕೆ ಅವಳೇ ಹೋಗಿ ಕೊಟ್ಟು ಬಂದಳು.