ಕೋಟೆ ಪಕ್ಕದ ಮನೆಗೆ ಹೆಂಚು ಬದಲಿಸುವ ಮುನ್ನ

ಶ್ರೀರಂಗಪಟ್ಟಣ, ಬಾದಾಮಿ, ವಿಜಯಪುರದಂಥ ಊರುಗಳಲ್ಲಿ ಸ್ಮಾರಕದ ಮಗ್ಗುಲಲ್ಲೇ ಮನೆಯಿರುವವರು ಮೊದಲು ಮೇಸ್ತ್ರಿಯನ್ನು ಕರೆಯುತ್ತಾರೆ, ಆಮೇಲೆ ಕಾನೂನು ವಿಚಾರಿಸುತ್ತಾರೆ. ನೋಟಿಸು ಕೈಗೆ ಬರುವಷ್ಟರಲ್ಲಿ ಸೂರು ಬಿಚ್ಚಿ ಆಗಿರುತ್ತದೆ, ಮಳೆ ಶುರುವಾಗಿರುತ್ತದೆ.

ಮೊದಲ ಕೆಲಸ, ದೂರ ಅಳೆಯುವುದು. ಎಡವುವವರೆಲ್ಲ ಎಡವುವುದು ಇಲ್ಲೇ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಜನ ಗೋಪುರದಿಂದಲೋ ಗುಮ್ಮಟದ ಗೋಡೆಯಿಂದಲೋ ಹೆಜ್ಜೆ ಎಣಿಸಿ ‘ನಮ್ಮದು ನೂರಿಪ್ಪತ್ತಾಯ್ತು’ ಅಂತ ನೆಮ್ಮದಿಯಾಗುತ್ತಾರೆ. ಲೆಕ್ಕ ಶುರುವಾಗುವುದು ಕಟ್ಟಡದಿಂದಲ್ಲ, ಸಂರಕ್ಷಿತ ಜಾಗದ ಎಲ್ಲೆಯಿಂದ. ಅಂಗಳ, ತೋಟ ಆ ಎಲ್ಲೆಯೊಳಗಿದ್ದರೆ ನಿಮ್ಮ ನೂರಿಪ್ಪತ್ತು ಅರವತ್ತಕ್ಕೆ ಇಳಿದೀತು. ಫೋನಿನ ನಕ್ಷೆಯಲ್ಲಿ ಬೆರಳಿಟ್ಟು ಅಳೆಯುವುದನ್ನು ನಾನಂತೂ ನಂಬುವುದಿಲ್ಲ. ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಎಲ್ಲೆಯ ನಕ್ಷೆ ನೋಡಿ, ಸರ್ವೆಯವರಿಂದ ಅಳೆಸಿ. ವಿಜಯಪುರದಲ್ಲಿ ಸ್ಮಾರಕಗಳು ಒತ್ತೊತ್ತಾಗಿವೆ, ಒಂದೇ ಮನೆ ಎರಡರ ಸರಹದ್ದಿಗೂ ಬೀಳಬಹುದು. ಹಂಪಿಯಾದರೆ 2002ರ ಪ್ರತ್ಯೇಕ ಕಾಯ್ದೆಯ ಪ್ರಾಧಿಕಾರವನ್ನೂ ಕೇಳಬೇಕು.

ಆಮೇಲೆ ಅನುಮತಿಯ ಅರ್ಜಿಗೆ ಬೇಕಾದ ಕಾಗದಪತ್ರ. ನಿಷೇಧಿತ ಪ್ರದೇಶದ ಮನೆ 1992ರ ಜೂನ್ 16ಕ್ಕಿಂತ ಮೊದಲೇ ಇತ್ತೆಂದೋ, ಆಮೇಲೆ ಇಲಾಖೆಯ ಒಪ್ಪಿಗೆ ಪಡೆದೇ ಕಟ್ಟಿದ್ದೆಂದೋ ತೋರಿಸಬೇಕು. ಅಜ್ಜನ ಕಾಲದ ಕಂದಾಯ ರಸೀದಿ, ಕ್ರಯಪತ್ರ, ಹಳೇ ಕರೆಂಟ್ ಬಿಲ್ಲು ಟ್ರಂಕಿನಿಂದ ತೆಗೆಯಿರಿ.

ಅರ್ಜಿಯಲ್ಲಿ ಕೆಲಸಕ್ಕೆ ಇಡುವ ಹೆಸರೂ ಮುಖ್ಯ. ನೂರು ಮೀಟರ್ ಒಳಗೆ ದುರಸ್ತಿ, ನವೀಕರಣಕ್ಕೆ ಮಾತ್ರ ದಾರಿಯಿದೆ. ಕೆಡವಿ ಅದೇ ಅಳತೆಯಲ್ಲಿ ಕಟ್ಟಿದರೂ ಅದು ಪುನರ್‌ನಿರ್ಮಾಣವೇ, ಅದಕ್ಕೆ ಅಲ್ಲಿ ಅನುಮತಿ ಸಿಗದು. ಏಜೆಂಟರ ಕೈಲಿ ಅರ್ಜಿ ತುಂಬಿಸಬೇಡಿ: ಕೊಳೆತ ತೊಲೆ ಬದಲಿಸುವ ಕೆಲಸಕ್ಕೆ ‘ಮನೆ ಕಟ್ಟಲು’ ಅಂತ ಗೀಚಿ ಕೊಡುವವರನ್ನು ಕಂಡಿದ್ದೇನೆ. ಯಾವ ಗೋಡೆ, ಎಷ್ಟು ಅಡಿ, ಏನು ಹಾಕುತ್ತೀರಿ, ಅಷ್ಟನ್ನೇ ಬರೆಯಿರಿ. ಫೋಟೊ ಇಡಿ. ಹೆಂಚು ಹೋದಲ್ಲಿ ಹೆಂಚನ್ನೇ ಹೊದಿಸಿ, ನೀಲಿ ತಗಡು ಬೇಡ. ಸುಣ್ಣದ ಗಾರೆಯ ಹಳೇ ಗೋಡೆಗೆ ಸಿಮೆಂಟ್ ಮೆತ್ತಿಸಲೂಬೇಡಿ, ತೇವ ಒಳಗೇ ಉಳಿದು ಗೋಡೆ ಉಬ್ಬುತ್ತದೆ.

ಅರ್ಜಿ ರಾಜ್ಯದ ಸಕ್ಷಮ ಪ್ರಾಧಿಕಾರಿಗೆ, ಅಂದರೆ ಈ ಅನುಮತಿ ಕೊಡುವ ಅಧಿಕಾರವಿರುವ ಅಧಿಕಾರಿಗೆ, ಹೋಗಬೇಕು.

ಅಲ್ಲಿಂದ 15 ದಿನದಲ್ಲಿ ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರಕ್ಕೆ, ಅವರ ಶಿಫಾರಸಿಗೆ ಎರಡು ತಿಂಗಳು, ಮತ್ತೆ ಅಂತಿಮ ಆದೇಶಕ್ಕೆ ಒಂದು ತಿಂಗಳು. ಇದು ಕಾಯ್ದೆಯ ಲೆಕ್ಕ. ಮುಂಗಾರಿಗೆ ಮುಂಚೆ ಸೂರು ಮುಗಿಯಬೇಕಿದ್ದರೆ ದೀಪಾವಳಿ ಮುಗಿದ ಕೂಡಲೇ ಅರ್ಜಿ ಹಾಕಿ. ಕಾಯಲಾರದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ನಿಯಂತ್ರಿತ ಪ್ರದೇಶದಲ್ಲಿ ಮಹಡಿಗೆ ಅನುಮತಿ ಸಿಕ್ಕವರು ಪತ್ರದಲ್ಲಿರುವ ಎತ್ತರವನ್ನು ಎರಡು ಸಲ ಓದಿ. ಪ್ಯಾರಾಪೆಟ್, ನೀರಿನ ಟ್ಯಾಂಕು ಎಲ್ಲ ಆ ಎತ್ತರದೊಳಗೇ ಬರಬೇಕು. ಮೇಸ್ತ್ರಿಗೂ ಓದಿ ಹೇಳಿ. ‘ಒಂದಡಿ ಹೆಚ್ಚಾದ್ರೆ ಏನೀಗ’ ಅನ್ನುವವನು ಅವನು, ನೋಟಿಸು ಬರುವುದು ನಿಮ್ಮ ಹೆಸರಿಗೆ.