ಬಿಕಾಂ ಮುಗೀತು, ಈಗ ಕೆಲಸ ಹುಡುಕೋದು ಹೇಗೆ?

ರಿಸಲ್ಟ್ ಬಂದ ಕೂಡಲೇ ಪ್ರೊವಿಷನಲ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಮಾರ್ಕ್ಸ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡಿ.

ನಾನು ದಾವಣಗೆರೆಯಲ್ಲಿ ಬಿಕಾಂ ಮುಗಿಸಿ ಆಡಿಟರ್ ಆಫೀಸಿಗೆ ಸೇರಿದವಳು. ಬೆಂಗಳೂರು ಬಸ್ ಹತ್ತುವ ಮೊದಲು ನೀವೂ ನಿಮ್ಮೂರಲ್ಲೇ ಹಾಗೆ ಕೆಲಸ ಕಲಿಯಿರಿ. ಸಂಬಳ ಕಡಿಮೆ, ನಿಜ. ಆದರೆ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ ಹಾಕೋದು, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡೋದು ಕೈಗೆ ಹತ್ತುತ್ತದೆ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವವರ ಜಿಎಸ್‌ಟಿಆರ್-1 (ಮಾರಾಟದ ವಿವರ) ಮುಂದಿನ ತಿಂಗಳ 11ರೊಳಗೆ, ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕ) 20ರೊಳಗೆ ಹೋಗಬೇಕು. ಆ ಓಡಾಟವನ್ನು ಯಾವ ಕೋರ್ಸೂ ಕಲಿಸುವುದಿಲ್ಲ. ರೆಸ್ಯೂಮೆಯಲ್ಲಿ ಇದನ್ನೇ ಮೇಲೆ ಬರೆಯಿರಿ.

ಪಾಸಾಗಿ ಆರು ತಿಂಗಳಾದರೂ ಕೆಲಸವಿಲ್ಲವಾ? ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಯುವನಿಧಿಗೆ, ಅಂದರೆ ನಿರುದ್ಯೋಗ ಭತ್ಯೆಗೆ, ಅರ್ಜಿ ಹಾಕಿ. ಡಿಗ್ರಿಯವರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ 2 ವರ್ಷ. ಮುಂದೆ ಓದುತ್ತಿದ್ದರೆ ಸಿಗುವುದಿಲ್ಲ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಡಿಪಾಸಿಟ್ ಕಟ್ಟಿದರೆ ಕೆಲಸ ಕೊಡ್ತೀವಿ ಅನ್ನುವವರಿಗೆ ದುಡ್ಡೂ ಕೊಡಬೇಡಿ, ಒರಿಜಿನಲ್ ಮಾರ್ಕ್ಸ್ ಕಾರ್ಡೂ ಕೊಡಬೇಡಿ.

ಮದುವೆ ಮನೆಯಲ್ಲಿ 'ಇನ್ನೂ ಕೆಲಸ ಸಿಗಲಿಲ್ವಾ' ಅಂತ ಕೇಳ್ತಾರೆ, ಅಲ್ವಾ? ತಲೆ ತಗ್ಗಿಸಬೇಡಿ. 'ಅಕೌಂಟ್ಸ್ ಕೆಲಸ ಹುಡುಕ್ತಿದೀನಿ ಚಿಕ್ಕಪ್ಪ, ಎಲ್ಲಾದರೂ ಇದ್ದರೆ ಹೇಳಿ' ಅನ್ನಿ, ನಂಬರ್ ಕೊಟ್ಟು ಬನ್ನಿ.