ಸೂಜಿಗಿಂತ ಮೊದಲು ಟ್ಯೂನಿಂಗ್ ಫೋರ್ಕ್: ನನ್ನ ಅನುಭವ

ನನ್ನ ಟೇಬಲ್ ಡ್ರಾಯರಲ್ಲಿ ಅಕ್ಯುಪಂಕ್ಚರ್ ಸೂಜಿ ಪ್ಯಾಕೆಟ್ ಪಕ್ಕದಲ್ಲೇ ಒಂದು 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಇರುತ್ತೆ, ಬಡಿದ್ರೆ ಒಂದೇ ಸ್ವರದಲ್ಲಿ ಸದ್ದು ಮಾಡೋ ಎರಡು ಕವಲಿನ ಲೋಹದ ಕಡ್ಡಿ. ಕಿವಿ ಕೇಳ್ತಿಲ್ಲ ಅಂತ ಯಾರೇ ಬಂದ್ರೂ ಮೊದಲು ಹೊರಗೆ ಬರೋದು ಅದೇ. ಈ ಬುದ್ಧಿ ಬಂದಿದ್ದು ಒಂದು ತಪ್ಪು ಮಾಡಿದ ಮೇಲೆ.

ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಡಿಗ್ರಿ) ಮುಗಿಸಿ ಮಡಿಕೇರಿಲಿ ಕ್ಲಿನಿಕ್ ಹಾಕಿದ ಹೊಸದು. ಕುಶಾಲನಗರ ಕಡೆಯಿಂದ ಒಬ್ಬ ಹುಡುಗ ಬಂದು, ಬೆಳಗ್ಗೆ ಎದ್ದಾಗಿಂದ ಎಡಗಿವಿ ಕಟ್ಕೊಂಡಂಗಿದೆ ಮೇಡಂ, ಗುಗ್ಗೆ ಇರ್ಬೇಕು ಅಂದ, ನಾನೂ ಹೂಂ ಅಂತ ಒಂದು ವಾರ ಸೂಜಿ ಹಾಕ್ತಾ ಕೂತೆ. ಆಮೇಲೆ ಇಎನ್‌ಟಿ ಡಾಕ್ಟ್ರು ನೋಡಿದ್ರೆ ಒಳಕಿವಿದೇ ತೊಂದರೆ, ಏಕಾಏಕಿ ಕೇಳದೇ ಹೋಗಿದ್ದು. ಇದಕ್ಕೆ ಸ್ಟೀರಾಯ್ಡ್ ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು, ಮೊದಲ ಎರಡು ವಾರ ತುಂಬಾ ಮುಖ್ಯ, ಅದ್ರಲ್ಲಿ ಒಂದು ವಾರ ನಾನೇ ತಿಂದು ಹಾಕಿದ್ದೆ. ಅವನಿಗೆ ಸ್ವಲ್ಪ ವಾಪಸ್ ಬಂತು, ಪೂರ್ತಿ ಬರ್ಲಿಲ್ಲ.

ಈಗ ಫೋರ್ಕ್ ಬಡಿದು ಹಣೆ ಮಧ್ಯೆ ಇಟ್ಟು ಯಾವ ಕಡೆ ಕೇಳ್ಸುತ್ತೆ ಅಂತ ಕೇಳ್ತೀನಿ. ಗುಗ್ಗೆ ಕಟ್ಟಿದ್ರೆ ಸದ್ದು ಮಂದ ಇರೋ ಕಿವಿಗೇ ಜೋರು, ಒಳಕಿವಿ ಇಲ್ಲಾ ನರದ ತೊಂದರೆ ಆದ್ರೆ ಚೆನ್ನಾಗಿರೋ ಕಿವಿಗೆ. ಚೆನ್ನಾಗಿರೋ ಕಡೆ ಅಂದ್ರೆ ಅವತ್ತೇ ಚೀಟಿ ಬರೆದು ಇಎನ್‌ಟಿಗೆ ಓಡಿಸ್ತೀನಿ, ಫೀಸೂ ತಗೊಳಲ್ಲ.

ತಲೆಸುತ್ತೂ ಹಂಗೇ, ಎಲ್ಲಾ ಒಂದೇ ಅಲ್ಲ. ಎಸ್ಟೇಟ್ ರೈಟರ್ ಒಬ್ಬರ ಹೆಂಡತಿ, ಮಗ್ಗುಲು ಬದಲಾಯಿಸಿದ್ರೆ ಮನೆನೇ ತಿರುಗುತ್ತೆ, ಅರ್ಧ ನಿಮಿಷಕ್ಕೆ ನಿಲ್ಲುತ್ತೆ ಅಂದ್ರು. ಅದು ಒಳಕಿವಿಲಿರೋ ಸುಣ್ಣದ ಹರಳು ಜಾಗ ತಪ್ಪಿ ಆಗೋದು, ಸೂಜಿ ಕೆಲಸ ಅಲ್ಲ. ಎಪ್ಲಿ ವಿಧಾನದಲ್ಲಿ ತಲೆನ ಒಂದೊಂದೇ ಭಂಗಿಗೆ ತಿರುಗಿಸಿ ಸ್ವಲ್ಪ ಹೊತ್ತು ಹಿಡ್ಕೊಂಡೆ, ಹದಿನೈದು ನಿಮಿಷದಲ್ಲಿ ಎದ್ದು ಕೂತ್ರು. "ಸೂಜಿ ಹಾಕ್ಸೋಕೆ ಅಂತ ಬಸ್ ಹತ್ತಿ ಬಂದ್ರೆ ಬರೀ ತಲೆ ತಿರುಗಿಸಿ ಕಳಿಸ್ತೀಯಲ್ಲಮ್ಮ" ಅಂತ ಬೇಜಾರು ಬೇರೆ.

ಸೂಜಿಗೆ ಕೆಲಸ ಸಿಕ್ಕಿದ್ದು ಸುಬೇದಾರ್ ಮಾಮನ ಹತ್ರ. ಮಿಲಿಟ್ರಿ ರಿಟೈರ್ಡ್, ಗಂಟೆಗಟ್ಟಲೆ ತಲೆಸುತ್ತು, ವಾಂತಿ, ಬಲಗಿವಿ ಭಾರ, ಒಳಗೆ ಗುಂಯ್ ಅಂತ ಸದ್ದು. ಇಎನ್‌ಟಿಯವ್ರು ಮೆನಿಯರ್ಸ್ ಅನ್ನೋ ಒಳಕಿವಿ ಕಾಯಿಲೆ ಅಂತ ಹೇಳಿ ಮಾತ್ರೆ ಕೊಟ್ಟಿದ್ರು, ಮಾತ್ರೆ ನಿಲ್ಲಿಸೋ ಹಾಗಿಲ್ಲ ಅಂತ ನಾನು ಮೊದಲೇ ಷರತ್ತು ಹಾಕ್ದೆ, ರಕ್ತ ತೆಳು ಮಾಡೋ ಮಾತ್ರೆ ಇದೆಯಾ ಅಂತಾನೂ ಕೇಳಿದೆ, ಇರ್ಲಿಲ್ಲ. ಬಾಯಿ ಆ ಮಾಡಿಸಿದ್ರೆ ಕಿವಿ ಮುಂದೆ ಒಂದು ಸಣ್ಣ ಹಳ್ಳ ಬೀಳುತ್ತಲ್ಲ, ಅಲ್ಲೊಂದು ಸೂಜಿ. ಅದ್ರ ಹತ್ರಾನೇ ಒಂದು ರಕ್ತನಾಳ ಹೋಗುತ್ತೆ, ಬೆರಳಿಟ್ಟು ಮಿಡಿತ ನೋಡ್ಕೊಂಡು ಅದನ್ನ ತಪ್ಪಿಸಿಯೇ ಹಾಕ್ಬೇಕು. ಕಿವಿ ಹಾಲೆ ಹಿಂದಿನ ಗುಳಿಲೊಂದು, ಮಣಿಕಟ್ಟಿಂದ ಅವರದೇ ಮೂರು ಬೆರಳಷ್ಟು ಮೇಲೆ ಎರಡು ಸ್ನಾಯುಗಳ ಮಧ್ಯೆ ಒಂದು. 0.25 ಮಿ.ಮೀ. ಸೂಜಿ, ಇಪ್ಪತ್ತೈದು ನಿಮಿಷ, ವಾರಕ್ಕೆ ಎರಡು ಸಲ. ಕೈ ಸೂಜಿ ಚುಚ್ಚಿದಾಗ ಬೆರಳ ತನಕ ಜುಮ್ ಅಂತು ಅಂತ ಅವ್ರು ಹುಬ್ಬು ಮೇಲೆತ್ತಿದ್ದು ಇನ್ನೂ ನೆನಪಿದೆ.

ಎರಡು ತಿಂಗಳಾದ ಮೇಲೆ ವಾಕರಿಕೆ ಕಮ್ಮಿ, ನಿದ್ದೆ ಚೆನ್ನಾಗಿ ಬರ್ತಿತ್ತು, ತಲೆಸುತ್ತಿನ ಭಯಾನೂ ಇಳಿದಿತ್ತು. ಮಣಿಕಟ್ಟಿನ ಆ ಜಾಗ ವಾಕರಿಕೆಗೆ ಚೆನ್ನಾಗಿ ಪರೀಕ್ಷೆ ಆಗಿರೋದು, ಕಿವುಡುತನಕ್ಕೆ ಹಂಗೆ ಗಟ್ಟಿ ಸಾಕ್ಷಿ ಇಲ್ಲ. ಮಾಮನ ಆಡಿಯೋಗ್ರಾಮ್, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅಂತ ಅಳೆದ ನಕ್ಷೆ, ಇದ್ದಂಗೇ ಇತ್ತು, ಒಂದು ಗೆರೆನೂ ಮೇಲೆ ಬಂದಿಲ್ಲ. ಕೊನೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಹಿಯರಿಂಗ್ ಏಡ್ ಹಾಕಿಸ್ಕೊಂಡ್ರು. ಮೆನಿಯರ್ಸ್ ತಾನಾಗೇ ಬಂದು ತಾನಾಗೇ ತಿಂಗಳುಗಟ್ಟಲೆ ಸುಮ್ಮನಿರೋದೂ ಉಂಟು, ಹಾಗಾಗಿ ಪೂರ್ತಿ ಕ್ರೆಡಿಟ್ ಸೂಜಿಗೆ ಕೊಡೋಕೆ ನನಗೆ ಮನಸ್ಸಿಲ್ಲ.

ಮೆನಿಯರ್ಸ್ ಇದ್ರೆ ಉಪ್ಪು ಕಮ್ಮಿ ತಿನ್ನಿ ಅಂತಾರೆ, ಮಾಮನ ಹತ್ರ ಸೂಜಿಗಿಂತ ಕಷ್ಟ ಆಗಿದ್ದು ಅದನ್ನ ಮಾಡ್ಸೋದು. ಮಳೆಗಾಲದಲ್ಲಿ ಕೊಡಗಲ್ಲಿ ಒಣಮೀನು, ಉಪ್ಪಿನಲ್ಲಿಟ್ಟ ಮಾವಿನಕಾಯಿ ಬಿಡಿ ಅಂದ್ರೆ ಯಾರು ಕೇಳ್ತಾರೆ? ಮೊನ್ನೆ ಬಂದಾಗ "ಒಣಮೀನು ಪೂರ್ತಿ ಬಿಟ್ಟಿದೀನಿ ಮಗಾ" ಅಂದ್ರು. ಹಿಂದೆ ನಿಂತಿದ್ದ ಆಂಟಿ ಇಲ್ಲ ಇಲ್ಲ ಅಂತ ತಲೆ ಆಡಿಸ್ತಿದ್ರು.